ತಂಬಾಕು ಬಿಡುವ ದಾರಿಗಳು: ಯಾರಿಗೆ ಯಾವುದು ಹೊಂದುತ್ತದೆ?

ಬೆಳಿಗ್ಗೆ ಎದ್ದ ಎಷ್ಟು ನಿಮಿಷಕ್ಕೆ ಮೊದಲ ಸಿಗರೇಟು ಹಚ್ಚುತ್ತೀರಿ? ಅಥವಾ ಮೊದಲ ಚಿಟಿಕೆ ಕಡ್ಡಿಪುಡಿ ಬಾಯಿಗೆ ಹಾಕಿಕೊಳ್ಳುತ್ತೀರಿ? ತಂಬಾಕು ಬಿಡಬೇಕೆಂದು ನನ್ನ ಬಳಿ ಮಾತು ತೆಗೆದವರಿಗೆಲ್ಲ ನಾನು ಮೊದಲು ಕೇಳುವುದು ಇದನ್ನೇ. ದಿನಕ್ಕೆಷ್ಟು, ಎಷ್ಟು ವರ್ಷದಿಂದ ಎಂಬುದೆಲ್ಲ ಆಮೇಲೆ. ರಕ್ತದಲ್ಲಿರುವ ನಿಕೋಟಿನ್ ಸುಮಾರು ಎರಡು ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ರಾತ್ರಿಯ ನಿದ್ದೆ ಮುಗಿಯುವ ಹೊತ್ತಿಗೆ ದೇಹ ಹೆಚ್ಚುಕಡಿಮೆ ಬರಿದಾಗಿರುತ್ತದೆ. ಎದ್ದ ಅರ್ಧ ಗಂಟೆಯೊಳಗೆ ಕೈ ಪೊಟ್ಟಣ ಹುಡುಕಿದರೆ ದೇಹ ನಿಕೋಟಿನ್‌ಗೆ ಗಟ್ಟಿಯಾಗಿ ಒಗ್ಗಿಹೋಗಿದೆ ಎಂದರ್ಥ. ಸ್ನಾನ, ತಿಂಡಿ ಮುಗಿಸಿ ಕಚೇರಿಯ ದಾರಿಯಲ್ಲಿ ನೆನಪಾಗುವುದಾದರೆ ಹಿಡಿತ ಅಷ್ಟು ಬಿಗಿಯಲ್ಲ. ಈ ಇಬ್ಬರಿಗೂ ಒಂದೇ ದಾರಿ ತೋರಿಸಿದರೆ ಒಬ್ಬರಿಗಂತೂ ಅನ್ಯಾಯವಾಗುತ್ತದೆ.

ನನ್ನದು 16 ವರ್ಷದ ಸಿಗರೇಟು, ಎದ್ದ ಹತ್ತು ನಿಮಿಷದೊಳಗಿನದು. ಬಿಡಲು ಏಳು ಸಲ ಹೊರಟೆ, ಆರು ಸಲ ಸೋತೆ. ಪ್ರತಿ ಸಲವೂ ಸುತ್ತಲಿನವರು ಹೇಳಿದ್ದು ಒಂದೇ: "ಮನಸ್ಸು ಗಟ್ಟಿ ಮಾಡು." ಆ ಮಾತು ನನ್ನನ್ನು ಎಷ್ಟು ವರ್ಷ ದಾರಿ ತಪ್ಪಿಸಿತು ಎಂದು ನೆನೆದರೆ ಈಗಲೂ ಸಂಕಟವಾಗುತ್ತದೆ. ಸೋತಾಗಲೆಲ್ಲ ನನ್ನ ಮನಸ್ಸೇ ಮೆತ್ತಗೆ ಎಂದುಕೊಂಡೆ. ಹಿಡಿದ ದಾರಿ ನನಗೆ ಹೊಂದುವಂಥದ್ದಲ್ಲ ಎಂದು ಹೊಳೆಯಲೇ ಇಲ್ಲ. 2016-17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ವಯಸ್ಕರ ಪೈಕಿ ಶೇ. 22.8 ಮಂದಿ ಒಂದಲ್ಲ ಒಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಇಷ್ಟೊಂದು ಜನರ ಮನಸ್ಸೂ ಮೆತ್ತಗೆ ಎನ್ನಲಾದೀತೇ?

ಒಂದು ಎಚ್ಚರಿಕೆಯನ್ನು ಮೊದಲೇ ಹೇಳುತ್ತೇನೆ. ಇಲ್ಲಿರುವುದು ತಂಬಾಕಿನ ಮಾತು, ಕುಡಿತಕ್ಕೆ ಇದನ್ನು ಅನ್ವಯಿಸಬೇಡಿ. ದಿನವೂ ವಿಪರೀತ ಕುಡಿಯುವವರು ಹಠಾತ್ತನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಬುದ್ಧಿಭ್ರಮಣೆಯಾಗಬಹುದು, ಜೀವಕ್ಕೇ ಅಪಾಯವಾಗಬಹುದು. ಅದು ವೈದ್ಯರ ನಿಗಾದಲ್ಲೇ ಆಗಬೇಕಾದ ಕೆಲಸ. ತಂಬಾಕನ್ನು ಒಮ್ಮೆಗೇ ನಿಲ್ಲಿಸಿದರೆ ಅಂಥ ಅಪಾಯವಿಲ್ಲ. ಕಷ್ಟ ಮಾತ್ರ ನಿಜ.

ಒಂದೇ ಏಟಿಗೋ, ಇಳಿಸುತ್ತಾ ಬರುವುದೋ?

ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದು. ನನ್ನ ಉತ್ತರ: ದಿನಾಂಕ ಗೊತ್ತು ಮಾಡಿ, ಆ ದಿನ ಪೂರ್ತಿ ನಿಲ್ಲಿಸಿ. ಬ್ರಿಟನ್ನಿನಲ್ಲಿ 697 ಧೂಮಪಾನಿಗಳನ್ನು ಎರಡು ಗುಂಪು ಮಾಡಿ ನಡೆಸಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಒಂದೇ ದಿನ ನಿಲ್ಲಿಸಿದವರಲ್ಲಿ ನಾಲ್ಕು ವಾರಗಳ ಬಳಿಕ ಶೇ. 49 ಮಂದಿ ಗಟ್ಟಿಯಾಗಿ ನಿಂತಿದ್ದರು. ಎರಡು ವಾರ ಇಳಿಸುತ್ತಾ ಬಂದು ಆಮೇಲೆ ನಿಲ್ಲಿಸಿದವರಲ್ಲಿ ಶೇ. 39. ಆರು ತಿಂಗಳಿಗೆ ಇದು ಶೇ. 22 ಮತ್ತು 15.5 ಆಯಿತು. ಒಂದು ಮಾತನ್ನು ಮರೆಯಬಾರದು. ಎರಡೂ ಗುಂಪಿಗೆ ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿಯ (ಪ್ಯಾಚ್) ಜೊತೆ ದಾದಿಯರ ಆಪ್ತಸಲಹೆಯೂ ಸಿಕ್ಕಿತ್ತು. ಯಾವ ನೆರವೂ ಇಲ್ಲದೆ ಬರೀ ಹಠದಿಂದ ಬಿಡಲು ಹೊರಡುವ ನೂರು ಮಂದಿಯಲ್ಲಿ ಒಂದು ವರ್ಷದ ಬಳಿಕ ಉಳಿಯುವವರು ಮೂರರಿಂದ ಐದು ಮಂದಿ.

ಇಳಿಸುವ ದಾರಿಯನ್ನು ನಾನು ಎರಡು ಸಲ ಹಿಡಿದಿದ್ದೆ. 15ರಿಂದ 5ಕ್ಕೆ ಇಳಿಸಿದೆ. ಆ ಐದೂ ಮೊದಲಿಗಿಂತ ರುಚಿಯಾದವು. ಒಂದು ಮುಗಿದ ಕ್ಷಣದಿಂದಲೇ ಮುಂದಿನದರ ಲೆಕ್ಕ ಶುರುವಾಗುತ್ತಿತ್ತು. ದಮ್ಮು ಆಳವಾಯಿತು, ಹತ್ತಿಯವರೆಗೂ ಸುಡುತ್ತಿದ್ದೆ. ಸಂಖ್ಯೆ ಇಳಿದರೂ ಬೇಕಾದಷ್ಟು ನಿಕೋಟಿನ್ ಎಳೆದುಕೊಳ್ಳುವ ವಿದ್ಯೆ ದೇಹಕ್ಕೆ ಚೆನ್ನಾಗಿ ಗೊತ್ತು. ಹಾಗಿದ್ದರೂ ಪೂರ್ತಿ ನಿಲ್ಲಿಸುವುದನ್ನು ಊಹಿಸಿಕೊಳ್ಳಲೂ ಆಗದವರಿಗೆ, ಎರಡು ಮೂರು ಸಲ ಒಮ್ಮೆಗೇ ಬಿಟ್ಟು ಮರಳಿದವರಿಗೆ ಇಳಿಸುವುದೂ ಒಂದು ಬಾಗಿಲೇ. ಕೊನೆಯ ದಿನವನ್ನು ಮಾತ್ರ ಮೊದಲೇ ಕ್ಯಾಲೆಂಡರಿನಲ್ಲಿ ಬರೆದಿಡಬೇಕು. ದಿನಾಂಕವಿಲ್ಲದ ಇಳಿಕೆ ಹಬ್ಬವೊಂದು ಬಂದರೆ, ಜಗಳವೊಂದು ನಡೆದರೆ ಮತ್ತೆ ಏರುತ್ತದೆ.

ಮಾಲೆ ಹಾಕಿದ 41 ದಿನ

ವೈದ್ಯರ ಪಟ್ಟಿಯಲ್ಲಿ ಈ ದಾರಿ ಇಲ್ಲ. ಆದರೆ ನಮ್ಮಲ್ಲಿ ಅತಿ ಹೆಚ್ಚು ಗಂಡಸರು ತಂಬಾಕು ಬಿಟ್ಟು ನೋಡುವುದು ಅಯ್ಯಪ್ಪನ ಮಾಲೆ ಹಾಕಿದಾಗಲೇ ಇರಬೇಕು. ನಾನು ಮೂರು ವರ್ಷ ಹಾಕಿದ್ದೇನೆ. ನಸುಕಿನ ತಣ್ಣೀರ ಸ್ನಾನ, ಕಪ್ಪು ಪಂಚೆ, ಕಚೇರಿಯಲ್ಲೂ "ಸ್ವಾಮಿ" ಎಂಬ ಕರೆ. ಆ 41 ದಿನ ಒಂದು ಸಿಗರೇಟನ್ನೂ ಮುಟ್ಟಿರಲಿಲ್ಲ. ಎರಡನೆಯ, ಮೂರನೆಯ ದಿನ ತಲೆ ಸಿಡಿಯುತ್ತಿತ್ತು, ಸಣ್ಣ ಮಾತಿಗೂ ಸಿಟ್ಟು ಬರುತ್ತಿತ್ತು. ಮೂರನೆಯ ವಾರ ದಾಟುವಷ್ಟರಲ್ಲಿ ಮೈ ಹಗುರಾಗಿತ್ತು. ನಿಕೋಟಿನ್ ಬಿಟ್ಟವರ ಸಂಕಟ ಮೊದಲ ಎರಡು ಮೂರು ದಿನ ತುದಿಗೇರಿ, ಮೂರು ನಾಲ್ಕು ವಾರಗಳಲ್ಲಿ ಬಹುಪಾಲು ಇಳಿಯುವುದು ಎಲ್ಲರಲ್ಲೂ ಸಹಜ. ಅಂದರೆ ಮಾಲೆಯ ಅವಧಿ ಮುಗಿಯುವ ಹೊತ್ತಿಗೆ ದೇಹದ ಪಾಲಿನ ಕೆಲಸ ಹೆಚ್ಚುಕಡಿಮೆ ಮುಗಿದಿರುತ್ತದೆ.

ಮತ್ತೇಕೆ ಮರಳುತ್ತೇವೆ? ಮೂರನೆಯ ವರ್ಷದ್ದು ಕಣ್ಣಿಗೆ ಕಟ್ಟಿದಂತಿದೆ. ಶಬರಿಮಲೆಯಿಂದ ಬಂದು ದೇವಸ್ಥಾನದಲ್ಲಿ ಮಾಲೆ ತೆಗೆಸಿದ ಸಂಜೆ. ಕೊರಳು ಬರಿದೆನಿಸಿ ಕೈ ಎರಡು ಮೂರು ಸಲ ಅಲ್ಲಿಗೇ ಹೋಗಿತ್ತು. ಚಹಾ ಕುಡಿಯಲು ಎಂದಿನ ಗೂಡಂಗಡಿಗೆ ಹೋದೆ. ಅಂಗಡಿಯವರು ನನ್ನ ಕೊರಳನ್ನೊಮ್ಮೆ ನೋಡಿದರು. ನಾನು ಕೇಳದಿದ್ದರೂ ನನ್ನ ಬ್ರಾಂಡಿನ ಪೊಟ್ಟಣ ತಟ್ಟಿ, ಒಂದನ್ನು ಅರ್ಧ ಮೇಲೆಬ್ಬಿಸಿ ನನ್ನ ಕಡೆ ಹಿಡಿದರು. ಅದರಲ್ಲಿ ಪ್ರೀತಿಯಿತ್ತು. ನಾನು ತೆಗೆದುಕೊಂಡೆ. ಆ ಕ್ಷಣ ಮೈಗೆ ನಿಕೋಟಿನ್ ಬೇಕಿರಲಿಲ್ಲ. ಬೇಕಾಗಿದ್ದದ್ದು ಆ ಜಾಗ, ಆ ಹೊತ್ತು, ಆ ಗಾಜಿನ ಲೋಟದ ಬಿಸಿ.

ವ್ರತ ಮನುಷ್ಯನಿಗೆ ಬೇಕಾದ ಎಷ್ಟೋ ಸಂಗತಿಗಳನ್ನು ಕೊಡುತ್ತದೆ: ಗೊತ್ತಾದ ದಿನಾಂಕ, ಊರಿಗೆಲ್ಲ ಕಾಣುವ ಗುರುತು, ಬದಲಾದ ದಿನಚರಿ, ಸುತ್ತಲಿನವರ ಗೌರವ. ಯಾವ ಆಸ್ಪತ್ರೆಯೂ ಇಷ್ಟನ್ನು ಕೊಡಲಾರದು. ಕೊಡದಿರುವುದು 42ನೆಯ ದಿನದ ಯೋಜನೆಯನ್ನು ಮಾತ್ರ. ಮಾಲೆ ಹಾಕುವವರಿಗೆ ನನ್ನ ಬಿನ್ನಹ ಇಷ್ಟೇ: ಹೊರಡುವ ಮುನ್ನವೇ ಅಂಗಡಿಯವರಿಗೂ ಜೊತೆಗಾರರಿಗೂ "ಬಂದ ಮೇಲೂ ಬೇಡ, ಕೊಡಬೇಡಿ" ಎಂದು ಹೇಳಿಬಿಡಿ. ಮಾಲೆ ತೆಗೆದ ಮೊದಲ ಹದಿನೈದು ದಿನ ಆ ದಾರಿಯನ್ನೇ ಬದಲಿಸಿ. ರಂಜಾನಿನಲ್ಲಿ ಹಗಲಿಡೀ ಮುಟ್ಟದವರಿಗೂ ಇದನ್ನೇ ಹೇಳುತ್ತೇನೆ. ಅವರ ಕಠಿಣ ಗಳಿಗೆ ಇಫ್ತಾರ್ ಮುಗಿದ ಮರುಕ್ಷಣ.

ಗಮ್ ಮತ್ತು ಪಟ್ಟಿ

ಎದ್ದ ಅರ್ಧ ಗಂಟೆಯೊಳಗಿನವರು ನೀವಾಗಿದ್ದರೆ ಇಲ್ಲಿಂದಲೇ ಆರಂಭಿಸಿ. ನಿಕೋಟಿನ್ ಗಮ್ 2 ಮಿಲಿಗ್ರಾಂ, 4 ಮಿಲಿಗ್ರಾಂ ಎಂಬ ಎರಡು ಬಲಗಳಲ್ಲಿ ಸಿಗುತ್ತದೆ. 2ರದ್ದಕ್ಕೆ ವೈದ್ಯರ ಚೀಟಿ ಬೇಡ, 4ರದ್ದಕ್ಕೆ ಬೇಕು. ಬೆಳಗಿನ ಮೊದಲ ಅರ್ಧ ಗಂಟೆಯಲ್ಲೇ ಸೇದುವವರಿಗೆ ಸಾಮಾನ್ಯವಾಗಿ 4ರದ್ದನ್ನು ಹೇಳುತ್ತಾರೆ.

ಗಮ್ ವಿಫಲವಾಯಿತು ಎನ್ನುವವರಲ್ಲಿ ಹೆಚ್ಚಿನವರು ಅದನ್ನು ತಿನ್ನುವ ಕ್ರಮ ಗೊತ್ತಿಲ್ಲದೆ ಸೋತವರು. ನಾನೂ ಹಾಗೆಯೇ ಸೋತೆ. ಮಕ್ಕಳ ಚೂಯಿಂಗ್ ಗಮ್ಮಿನಂತೆ ಕಚಕಚ ಅಗಿದು ರಸ ನುಂಗಿದೆ. ಬಿಕ್ಕಳಿಕೆ ಬಂತು, ಎದೆ ಉರಿಯಿತು, ಎರಡನೆಯ ದಿನವೇ ಡಬ್ಬಿ ಎಸೆದೆ. ಸರಿಯಾದ ಕ್ರಮವೇ ಬೇರೆ. ನಿಧಾನವಾಗಿ ಅಗಿಯಬೇಕು. ನಾಲಿಗೆಗೆ ಖಾರದಂಥ ಚುರುಕು ತಗುಲಿದ ಕೂಡಲೇ ನಿಲ್ಲಿಸಿ, ಗಮ್ಮನ್ನು ಕೆನ್ನೆ ಮತ್ತು ಒಸಡಿನ ನಡುವೆ ಒತ್ತರಿಸಿಡಬೇಕು. ಚುರುಕು ಆರಿದಾಗ ಮತ್ತೆ ನಾಲ್ಕು ಸಲ ಅಗಿದು ಬೇರೆ ಕಡೆ ಇಡಬೇಕು. ಹೀಗೆ ಅರ್ಧ ಗಂಟೆ. ನಿಕೋಟಿನ್ ಒಳಹೋಗುವುದು ಕೆನ್ನೆಯ ಒಳಪದರದಿಂದ. ನುಂಗಿದ್ದು ಹೊಟ್ಟೆಗೆ ಬರೀ ಉರಿ. ಕಾಫಿ, ನಿಂಬೆ ಶರಬತ್ತು ಕುಡಿದ ಕಾಲು ಗಂಟೆಯೊಳಗೆ ಹಾಕಿಕೊಂಡರೆ ಬಾಯಿಯ ಹುಳಿ ನಿಕೋಟಿನ್ನನ್ನು ಒಳಹೋಗಲು ಬಿಡುವುದಿಲ್ಲ. ಕಡ್ಡಿಪುಡಿಗೆ ಸುಣ್ಣ ತಿಕ್ಕುವುದರ ಹಿಂದಿರುವುದೂ ಇದೇ ರಸಾಯನಶಾಸ್ತ್ರ, ತಿರುಗುಮುರುಗಾಗಿ: ಸುಣ್ಣದ ಕ್ಷಾರಕ್ಕೆ ನಿಕೋಟಿನ್ ಬೇಗ ಇಳಿಯುತ್ತದೆ. ಇನ್ನೊಂದು ತಪ್ಪು ಕಡಿಮೆ ಬಳಸುವುದು. ದಿನಕ್ಕೆ ಎರಡು ಮೂರು ಗಮ್ಮಿನಲ್ಲಿ ಏನೂ ಆಗದು. ಮೊದಲ ವಾರಗಳಲ್ಲಿ ಗಂಟೆ ಎರಡು ಗಂಟೆಗೊಂದು ಬೇಕಾಗುತ್ತದೆ. ಸುಮಾರು 12 ವಾರಗಳಲ್ಲಿ ನಿಧಾನವಾಗಿ ಇಳಿಸುತ್ತಾ ಬರುವುದು ರೂಢಿ.

ಪಟ್ಟಿ ಬೇರೆ ಜಾತಿಯದು. ಬೆಳಿಗ್ಗೆ ತೋಳಿಗೋ ಎದೆಗೋ ಅಂಟಿಸಿದರೆ ದಿನವಿಡೀ ಒಂದೇ ಹದದಲ್ಲಿ ನಿಕೋಟಿನ್ ಇಳಿಯುತ್ತದೆ. ದಿನಕ್ಕೆ 21, ಆಮೇಲೆ 14, ಕೊನೆಗೆ 7 ಮಿಲಿಗ್ರಾಂ ಎಂದು ಮೆಟ್ಟಿಲಿಳಿದಂತೆ. ಅಂಟಿಸುವ ಜಾಗವನ್ನು ದಿನವೂ ಬದಲಿಸಬೇಕು, ಇಲ್ಲವಾದರೆ ಚರ್ಮ ಕೆಂಪಾಗಿ ನವೆಯಾಗುತ್ತದೆ. ನಿದ್ದೆ ಕೆಟ್ಟರೆ ರಾತ್ರಿ ತೆಗೆದಿಡಬಹುದು. ಅದರ ದೌರ್ಬಲ್ಯವೂ ಅದೇ ಹದ. ಜಗಳವಾದ ಮರುಕ್ಷಣ, ಊಟವಾದ ಮರುಕ್ಷಣ ಏಳುವ ಅಲೆಯನ್ನು ಪಟ್ಟಿ ತಡೆಯಲಾರದು, ಗಮ್ ತಡೆಯುತ್ತದೆ. ಅದಕ್ಕಾಗಿಯೇ ಎರಡನ್ನೂ ಸೇರಿಸಿ ಬಳಸುವುದು ಒಂದನ್ನೇ ಬಳಸುವುದಕ್ಕಿಂತ ಮೇಲು ಎಂದು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ನನ್ನ ಏಳನೆಯ ಪ್ರಯತ್ನ ಉಳಿದದ್ದು ಈ ಜೋಡಿಯಿಂದ.

"ಇದರಲ್ಲೂ ನಿಕೋಟಿನ್ ಇದೆಯಲ್ಲ, ಒಂದು ಬಿಟ್ಟು ಇನ್ನೊಂದು ಹಿಡಿದಂತಾಯಿತಲ್ಲ" ಎನ್ನುವವರಿದ್ದಾರೆ. ಚಟ ಹಿಡಿಸುವುದು ನಿಕೋಟಿನ್, ನಿಜ. ಆದರೆ ಕ್ಯಾನ್ಸರ್ ತರುವುದು ಹೊಗೆಯ ಟಾರು, ಸೊಪ್ಪಿನಲ್ಲಿರುವ ನೈಟ್ರೋಸಮೈನ್‌ನಂಥ ವಿಷಗಳು. ಗಮ್ಮಿನಲ್ಲಿ, ಪಟ್ಟಿಯಲ್ಲಿ ಆ ಹೊಗೆಯಿಲ್ಲ, ಸೊಪ್ಪಿಲ್ಲ. ಗರ್ಭಿಣಿಯರು, ಇತ್ತೀಚೆಗೆ ಹೃದಯಾಘಾತವಾದವರು ವೈದ್ಯರನ್ನು ಕೇಳದೆ ಬಳಸಬಾರದು.

ಮಾತ್ರೆಗಳು

ವೆರೆನಿಕ್ಲಿನ್ ಮತ್ತು ಬುಪ್ರೊಪಿಯಾನ್ ಎಂಬ ಎರಡು ಮಾತ್ರೆಗಳಿವೆ. ಎರಡಕ್ಕೂ ವೈದ್ಯರ ಚೀಟಿ ಬೇಕೇ ಬೇಕು. ಎಂಟು ಸಾವಿರಕ್ಕೂ ಹೆಚ್ಚು ಧೂಮಪಾನಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ವೆರೆನಿಕ್ಲಿನ್ ಎಲ್ಲಕ್ಕಿಂತ ಮುಂದಿತ್ತು. ಬುಪ್ರೊಪಿಯಾನ್ ಮತ್ತು ಪಟ್ಟಿ ಅದರ ಹಿಂದೆ, ಆದರೆ ಔಷಧವೇ ಇಲ್ಲದ ಹುಸಿ ಮಾತ್ರೆಗಿಂತ ಮುಂದೆ. ವೆರೆನಿಕ್ಲಿನ್ ಮನಸ್ಸನ್ನು ಕೆಡಿಸುತ್ತದೆ ಎಂಬ ಹಳೆಯ ಭಯಕ್ಕೆ ಆ ಅಧ್ಯಯನದಲ್ಲಿ ಆಧಾರ ಸಿಗಲಿಲ್ಲ. ಬಿಡುವ ದಿನಕ್ಕೆ ಒಂದು ವಾರ ಮೊದಲೇ ಸಣ್ಣ ಪ್ರಮಾಣದಲ್ಲಿ ಶುರು ಮಾಡಿ, ಏರಿಸಿ, 12 ವಾರ ನುಂಗಬೇಕು. ಹೊಟ್ಟೆ ತೊಳಸುವುದು, ಢಾಳಾದ ಕನಸು ಬೀಳುವುದು ಸಾಮಾನ್ಯ. ಊಟವಾದ ಮೇಲೆ ತುಂಬು ಲೋಟ ನೀರಿನೊಂದಿಗೆ ತೆಗೆದುಕೊಂಡರೆ ತೊಳಸು ಕಡಿಮೆ. ಮೂತ್ರಪಿಂಡದ ತೊಂದರೆಯಿದ್ದರೆ ಮೊದಲೇ ತಿಳಿಸಬೇಕು. ಫಿಟ್ಸ್ ಇರುವವರಿಗೆ ಬುಪ್ರೊಪಿಯಾನ್ ಸಲ್ಲದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಎರಡನ್ನೂ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿದೆ.

ಗಮ್, ಪಟ್ಟಿ ಎರಡನ್ನೂ ಸರಿಯಾಗಿ ಬಳಸಿಯೂ ಸೋತವರು ಮುಂದಿನ ಸಲ ಮಾತ್ರೆಯನ್ನು ಕೇಳಿ ಪಡೆಯಲಿ. ಔಷಧಿ ನುಂಗಿ ಚಟ ಬಿಡುವುದು ಸೋಲು ಎಂದು ಕೆಲವರಿಗೆ ಅನಿಸುತ್ತದೆ. ರಕ್ತದೊತ್ತಡಕ್ಕೆ ಮಾತ್ರೆ ನುಂಗುವಾಗ ಯಾರಿಗೂ ಹಾಗನಿಸುವುದಿಲ್ಲವಲ್ಲ!

ಫೋನಿನ ಆಚೆಯ ದನಿ

ತಂಬಾಕು ಪೊಟ್ಟಣದ ಮೇಲೆ, ಆ ಭಯಾನಕ ಚಿತ್ರದ ಬಳಿ ಒಂದು ಸಂಖ್ಯೆಯಿದೆ: 1800-11-2356. ಚಿತ್ರ ನೋಡಲಾಗದೆ ಮುಖ ತಿರುಗಿಸಿ ಸಂಖ್ಯೆಯನ್ನೂ ಎಷ್ಟೋ ವರ್ಷ ಓದದೇ ಬಿಟ್ಟೆ. ಇದು ರಾಷ್ಟ್ರೀಯ ಸಹಾಯವಾಣಿ, ಕರೆ ಉಚಿತ. 2016ರಲ್ಲಿ ದೆಹಲಿಯಲ್ಲಿ ಶುರುವಾದದ್ದು ಆಮೇಲೆ ಬೆಂಗಳೂರಿನ ನಿಮ್ಹಾನ್ಸ್‌ಗೂ ವಿಸ್ತರಿಸಿ, ಕನ್ನಡದಲ್ಲೇ ಮಾತನಾಡುವ ಆಪ್ತಸಲಹೆಗಾರರು ಸಿಗುವಂತಾಯಿತು. ಅವರು ಬೈಯುವುದಿಲ್ಲ, ಉಪದೇಶ ಮಾಡುವುದಿಲ್ಲ. ಯಾವ ಹೊತ್ತು, ಯಾವ ಜಾಗ, ಯಾರ ಜೊತೆ ಎಂದು ಕೇಳುತ್ತಾರೆ, ಬಿಡುವ ದಿನಾಂಕ ಗೊತ್ತು ಮಾಡಿಸುತ್ತಾರೆ, ಆಮೇಲೆ ತಾವೇ ಕರೆ ಮಾಡಿ ವಿಚಾರಿಸುತ್ತಾರೆ. ಆ ಕೊನೆಯದೇ ನನ್ನನ್ನು ಹಿಡಿದು ನಿಲ್ಲಿಸಿತು. ಗುರುವಾರ ಕರೆ ಬರುತ್ತದೆ ಎಂದು ಗೊತ್ತಿದ್ದರೆ ಬುಧವಾರದ ಸಂಜೆ ದಾಟಿಸಿಕೊಳ್ಳಬಹುದು. ಎದುರು ಕೂತು ಮಾತನಾಡಬೇಕು ಎನ್ನುವವರಿಗೆ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗವಿದೆ. ಜಿಲ್ಲಾ ಆಸ್ಪತ್ರೆಗಳಲ್ಲಿ ತಂಬಾಕು ವ್ಯಸನಮುಕ್ತಿ ಕೇಂದ್ರವನ್ನು ವಿಚಾರಿಸಬಹುದು.

ಗಮ್ಮೋ ಫೋನೋ ಎಂದು ಆರಿಸುವ ಅಗತ್ಯವೇ ಇಲ್ಲ. ಔಷಧ ದೇಹವನ್ನು ನೋಡಿಕೊಳ್ಳುತ್ತದೆ, ಮಾತು ಆ ಗೂಡಂಗಡಿಯ ಸಂಜೆಯನ್ನು. ಹಿಡಿತ ಸಡಿಲವಾಗಿರುವವರಿಗೆ, ವಾರಾಂತ್ಯಕ್ಕೆ ಮಾತ್ರ ಸೇದುವವರಿಗೆ ಬಹುತೇಕ ಮಾತೊಂದೇ ಸಾಕು.

ಸೇದುವುದನ್ನು ಬಿಟ್ಟವರಿಗೆ ಯಾರೂ ಹೇಳದ ಒಂದು ಸಂಗತಿ. ಹೊಗೆಯಿಂದಾಗಿ ಯಕೃತ್ತು ಕಾಫಿಯ ಕೆಫೀನನ್ನು ಬೇಗ ಬೇಗ ಕರಗಿಸುತ್ತಿರುತ್ತದೆ. ಹೊಗೆ ನಿಂತೊಡನೆ ಅದೇ ಕಾಫಿ ರಕ್ತದಲ್ಲಿ ಬಹಳ ಹೊತ್ತು ಉಳಿಯುತ್ತದೆ. ಕೈ ನಡುಕ, ಎದೆ ಡವಡವ, ನಿದ್ದೆಯಿಲ್ಲದ ರಾತ್ರಿ. ಅದನ್ನು ಸಿಗರೇಟಿನ ಹಂಬಲವೆಂದೇ ತಿಳಿದು ಜನ ಮರಳುತ್ತಾರೆ. ಬಿಟ್ಟ ದಿನದಿಂದಲೇ ಕಾಫಿಯನ್ನು ಅರ್ಧಕ್ಕೆ ಇಳಿಸಿ.

ಕೈಹಾಕಬಾರದವು

ಇ-ಸಿಗರೇಟು ದೇಶದಲ್ಲಿ 2019ರಿಂದ ನಿಷಿದ್ಧ. ಗಿಡಮೂಲಿಕೆಯ ಬೀಡಿಯಲ್ಲೂ ಇರುವುದು ಹೊಗೆಯೇ. ಸಿಗರೇಟು ಬಿಟ್ಟು ಗುಟ್ಕಾ ಹಿಡಿಯುವುದು ಮನೆಯ ಒಂದು ಮೂಲೆಯ ಬೆಂಕಿಯನ್ನು ಇನ್ನೊಂದು ಮೂಲೆಗೆ ಒಯ್ದಂತೆ. 2013ರಲ್ಲಿ ರಾಜ್ಯ ಗುಟ್ಕಾ ನಿಷೇಧಿಸಿದ ಮೇಲೆ ಪಾನ್ ಮಸಾಲೆ ಒಂದು ಚೀಟಿಯಲ್ಲಿ, ತಂಬಾಕು ಇನ್ನೊಂದರಲ್ಲಿ ಜೋಡಿಯಾಗಿ ಮಾರಾಟಕ್ಕೆ ಬಂದವು. ಬೆರೆಸುವ ಕೆಲಸ ಮಾತ್ರ ಗಿರಾಕಿಯ ಅಂಗೈಗೆ ಬಂತು. "ಊಟದಲ್ಲಿ ತಿಳಿಯದಂತೆ ಬೆರೆಸಿ, ಚಟ ಬಿಡಿಸಿ" ಎಂಬ ಬಸ್ ನಿಲ್ದಾಣದ ಭಿತ್ತಿಪತ್ರಗಳನ್ನು ನಂಬಿ ಹಣ ಸುರಿದ ತಾಯಂದಿರನ್ನು ನಾನು ಕಂಡಿದ್ದೇನೆ. ಪುಡಿಯಲ್ಲಿ ಏನಿದೆ ಎಂದು ಯಾರಿಗೂ ಗೊತ್ತಿಲ್ಲ. ಒಬ್ಬರ ತಟ್ಟೆಗೆ ಅವರಿಗೆ ತಿಳಿಸದೆ ಏನನ್ನೂ ಹಾಕಬೇಡಿ.

ಎಲೆ-ಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವವರಿಗೆ

ಇವರ ಬಗ್ಗೆ ಬರೆಯುವವರು ಕಡಿಮೆ. ಹೆಂಗಸರಂತೂ ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ನನ್ನ ಅಮ್ಮನಿಗೆ ಈಗ 68. ನಾನು ಹುಟ್ಟಿದಾಗಿನ ಬಾಣಂತನದಲ್ಲಿ ಅಜ್ಜಿ ಮಡಿಸಿಕೊಟ್ಟ ಎಲೆ-ಅಡಿಕೆಯಿಂದ ಶುರುವಾಗಿ, ಮುಂದೆ ಅದಕ್ಕೆ ಕಡ್ಡಿಪುಡಿ ಸೇರಿತು. ಮುಖ ತೊಳೆಯುವ ಮುನ್ನವೇ ಮೊದಲ ಚಿಟಿಕೆ. "ಅದಿಲ್ಲದಿದ್ದರೆ ಹೊಟ್ಟೆ ಹೋಗುವುದಿಲ್ಲ" ಎನ್ನುತ್ತಿದ್ದರು, ಅದು ನಿಜವೂ ಆಗಿತ್ತು. ನಿಕೋಟಿನ್ ಕರುಳನ್ನು ಚುರುಕುಗೊಳಿಸುತ್ತದೆ, ಬಿಟ್ಟ ಮೊದಲ ವಾರಗಳಲ್ಲಿ ಮಲಬದ್ಧತೆ ಕಾಡುತ್ತದೆ. ಹಳ್ಳಿಯಲ್ಲಿ ಎಷ್ಟೋ ಜನ ಮರಳುವುದು ಈ ಒಂದೇ ಕಾರಣಕ್ಕೆ, ಹೇಳಿಕೊಳ್ಳಲು ಮಾತ್ರ ಸಂಕೋಚ.

ಹಲ್ಲಿನ ವೈದ್ಯರು ಅಮ್ಮನಿಗೆ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಬಾಯಿಗಿಟ್ಟು ನೋಡಲು ಹೇಳಿದರು. ಎರಡು ಹೋದವು, ಮೂರನೆಯದು ತಡೆಯಿತು. ಒಳಗೆನ್ನೆ ನಾರುಗಟ್ಟಿ ಬಾಯಿ ಬಿಗಿಯುತ್ತಾ ಬರುವ ರೋಗ ಅದು. ಮುಖ್ಯ ಕಾರಣ ಅಡಿಕೆ. ತಂಬಾಕಿಲ್ಲದ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿಟ್ಟಿದೆ. ನಮ್ಮ ಮನೆಯ ಅನ್ನ ಅಡಿಕೆ ತೋಟದ್ದು. ಈ ಸಾಲು ಬರೆಯುವಾಗ ಕೈ ಭಾರವಾಗುತ್ತದೆ, ಆದರೂ ಬರೆಯದಿರಲಾರೆ.

ಅಮ್ಮನದು ಕಟ್ಟಿಸಿದ ಹಲ್ಲು, ಗಮ್ ಅದಕ್ಕೆ ಮೆತ್ತಿಕೊಳ್ಳುತ್ತಿತ್ತು. ಬಾಯಿ ಬಿಗಿದವರಿಗೂ ಅಗಿಯುವುದು ನೋವು. ಹಾಗಾಗಿ ರಕ್ತದೊತ್ತಡ ನೋಡಿ ವೈದ್ಯರು ಪಟ್ಟಿ ಬರೆದುಕೊಟ್ಟರು. ಸಹಾಯವಾಣಿಗೆ ನಾನೇ ಕರೆ ಹಚ್ಚಿ ಫೋನು ಕೈಗಿತ್ತೆ. ಎರಡು ಮಾತಿಗೆ ಮುಗಿಸುತ್ತಾರೆ ಎಂದುಕೊಂಡರೆ ಇಪ್ಪತ್ತು ನಿಮಿಷ ಮಾತನಾಡಿದರು. ಸಹಾಯವಾಣಿಯ ಹುಡುಗಿ ಕೇಳಿದ್ದು ಬೆಳಗಿನ ಮೊದಲ ಚಿಟಿಕೆಯ ಬಗ್ಗೆ, ಅಮ್ಮ ಹೇಳಿದ್ದು ನನ್ನ ಬಾಣಂತನದ ಕಥೆ. ಎದ್ದೊಡನೆ ಎರಡು ಲೋಟ ಬಿಸಿನೀರು, ರಾತ್ರಿ ಪಪ್ಪಾಯಿ, ಅಂಗಳದಲ್ಲಿ ಹತ್ತು ಸುತ್ತು ಎಂದು ಮಾತಾಯಿತು. ಮೊದಲ ವಾರ ಎರಡು ಸಲ ಜಾರಿದರು. ಜಾರಿದ್ದನ್ನು ಮುಚ್ಚಿಡದೆ ಮುಂದಿನ ಕರೆಯಲ್ಲಿ ಹೇಳಿದರು. ಹೊಸ ದಿನಾಂಕ ಹಾಕಿಸಿಕೊಳ್ಳಲಿಲ್ಲ, ಅಂದು ಸಂಜೆಯಿಂದಲೇ ಮತ್ತೆ ಬಿಟ್ಟರು.

ಅವರ ಎಲೆ-ಅಡಿಕೆ ಸಂಚಿಗೆ ನಾಲ್ಕು ಅರೆಗಳಿವೆ. ಕಡ್ಡಿಪುಡಿಯ ಅರೆಯಲ್ಲಿ ಈಗ ಲವಂಗ ಇದೆ. ಬಟ್ಟೆಯ ಘಾಟು ಹೋಗಲೆಂದು ಸಂಚಿಯನ್ನು ಮೂರು ಸಲ ಒಗೆದರು. ಅಡಿಕೆಯನ್ನು ಇನ್ನೂ ಬಿಟ್ಟಿಲ್ಲ, ಊಟವಾದ ಮೇಲೆ ಎರಡು ಹೊತ್ತು ಒಂದೊಂದು ಹೋಳು. ಬರುವ ಮಂಗಳವಾರ ಆ ಹುಡುಗಿ ಮತ್ತೆ ಕರೆ ಮಾಡುತ್ತಾಳೆ, ಅಡಿಕೆಯ ಮಾತು ಅವತ್ತಿಗೆ ಇಟ್ಟುಕೊಂಡಿದ್ದಾರೆ.